ಲಾರಿ ಹೋಗದ ಊರು ಯಾವುದು?

ಎಲ್ಲರಿಗೂ ನಮಸ್ಕಾರ.

ಭೂಕಂಪವೋ ಚಂಡಮಾರುತವೋ ಆದ ಮೊದಲ ವಾರದಲ್ಲಿ ಯಾವುದಕ್ಕೆ ಕೊರತೆ ಜಾಸ್ತಿ ಅಂತ ಕೇಳಿದರೆ ನೀರು, ಊಟ, ಔಷಧಿ, ಟೆಂಟು ಅಂತ ಉತ್ತರ ಬರುತ್ತದೆ. ಸರಿಯೇ. ಆದರೆ ಇವೆಲ್ಲ ಎಲ್ಲೋ ಒಂದು ಗೋದಾಮಿನಲ್ಲಿ ಇರುತ್ತವೆ, ಎರಡು ಮೂರು ದಿನದಲ್ಲಿ ಬರಲು ಶುರುವಾಗುತ್ತವೆ. ಎಲ್ಲಕ್ಕಿಂತ ತಡವಾಗಿ ಬರುವುದು ಮಾಹಿತಿ. ಯಾವ ಊರಿಗೆ ಯಾರು ಹೋದರು, ಏನು ಕೊಟ್ಟರು, ಯಾವ ಊರಿಗೆ ಇನ್ನೂ ಯಾರೂ ಕಾಲಿಟ್ಟಿಲ್ಲ, ಇದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹೆದ್ದಾರಿ ಪಕ್ಕದ ಊರಿಗೆ ಒಂದೇ ದಿನ ನಾಲ್ಕು ಸಂಸ್ಥೆಗಳ ಲಾರಿ ಬರುತ್ತವೆ, ನಾಲ್ಕರಲ್ಲೂ ಕಂಬಳಿ. ಸೇತುವೆ ಕುಸಿದು ಹೊಳೆಯಾಚೆ ಉಳಿದ ಊರಿಗೆ ಒಂದೂ ಇಲ್ಲ. ಇದರಲ್ಲಿ ಯಾರದೂ ದುರುದ್ದೇಶ ಇರುವುದಿಲ್ಲ. ದಾರಿ ಇದ್ದ ಕಡೆ ಲಾರಿ ಹೋಗುತ್ತದೆ, ಕ್ಯಾಮೆರಾ ಹೋದ ಕಡೆ ದುಡ್ಡು ಹೋಗುತ್ತದೆ.

ಪರಿಹಾರ ಸಂಸ್ಥೆಗಳ ನಡುವಿನ ಸಮನ್ವಯದ ಕೆಲಸ ಶುರುವಾಗುವುದೇ ಇಲ್ಲಿಂದ. ಬಿಟ್ಟುಹೋದ ಊರು ಯಾವುದು, ಬಿಟ್ಟುಹೋದ ಜನ ಯಾರು ಅಂತ ದಿನಾ ಹುಡುಕಬೇಕು. ಸಭೆ, ಫೈಲು, ವರದಿ ಎಲ್ಲ ಅದಕ್ಕೋಸ್ಕರ. ಅದಕ್ಕೆ ಉಪಯೋಗ ಆಗದ ಸಭೆ ಸುಮ್ನೆ ಕಾಲಹರಣ.

ರಕ್ಷಣೆಯಿಂದಲೇ ಶುರು ಮಾಡೋಣ. ಟಿವಿಯಲ್ಲಿ ನಾವು ನೋಡುವುದು ಹೆಲ್ಮೆಟ್ ಹಾಕಿದ ಹೊರದೇಶದ ತಂಡಗಳನ್ನು, ಮೂಸಿ ಹುಡುಕುವ ನಾಯಿಗಳನ್ನು. ಜೀವ ಉಳಿಸುವ ಕೆಲಸದ ಬಹುಪಾಲು ಮಾಡುವವರು ಅಕ್ಕಪಕ್ಕದವರು. 1995ರ ಜನವರಿ 17ರಂದು ಜಪಾನಿನ ಕೋಬೆ ಭಾಗದಲ್ಲಿ ಭೂಕಂಪ ಆದಾಗ ಅವಶೇಷಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ನೆರೆಯವರು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಆಯಿತು, ಸುಮಾರು 9,000 ಜನ ಸತ್ತರು. ಹೊರದೇಶಗಳಿಂದ 70ಕ್ಕೂ ಹೆಚ್ಚು ರಕ್ಷಣಾ ತಂಡಗಳು ಬಂದವು. ಅವು ಜೀವಂತವಾಗಿ ಹೊರತೆಗೆದವರು 16 ಮಂದಿ. ಆ ಹದಿನಾರು ಮನೆಗಳಿಗೆ ಇದು ಸಣ್ಣ ಸಂಗತಿ ಅಲ್ಲ, ಒಪ್ಪುತ್ತೇನೆ. ಆದರೆ ಮೊದಲ ಕೆಲವು ಗಂಟೆಗಳು ಯಾವತ್ತೂ ಊರಿನವರ ಕೈಯಲ್ಲೇ ಇರುತ್ತವೆ. ಅವರಿಗೆ ಮೊದಲೇ ತರಬೇತಿ ಕೊಟ್ಟು, ಜಾಕು, ಹಗ್ಗ, ಕಾಂಕ್ರೀಟ್ ಕತ್ತರಿಸುವ ಯಂತ್ರ ಊರಲ್ಲೇ ಇಟ್ಟರೆ ಅದೇ ದುಡ್ಡು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊರಗಿನ ತಂಡಗಳ ಕೆಲಸದಲ್ಲೂ ಒಂದು ವಿಷಯ ನನಗೆ ತುಂಬಾ ಇಷ್ಟ. 1988ರ ಆರ್ಮೇನಿಯಾ ಭೂಕಂಪದಲ್ಲಿ ಬಂದ ತಂಡಗಳಿಗೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಾಗದೆ ಗೊಂದಲ ಆಯಿತು. ಆ ಅನುಭವದಿಂದ 1991ರಲ್ಲಿ ಇನ್‌ಸರಾಗ್ ಅನ್ನುವ, ರಕ್ಷಣಾ ತಂಡಗಳ ಅಂತಾರಾಷ್ಟ್ರೀಯ ಜಾಲ ಹುಟ್ಟಿತು. ಈಗ ತಂಡ ಬಂದ ತಕ್ಷಣ ವಿಮಾನ ನಿಲ್ದಾಣದಲ್ಲೇ ಒಂದು ಮೇಜಿನ ಮುಂದೆ ಹೆಸರು ಬರೆಸಬೇಕು. ಎಷ್ಟು ಜನ, ಏನು ಸಲಕರಣೆ, ಎಷ್ಟು ದಿನ ಇರುತ್ತೀರಿ. ಆಮೇಲೆ ನಗರದ ಒಂದು ಭಾಗವನ್ನು ಅವರಿಗೆ ಹಂಚುತ್ತಾರೆ. ಕುಸಿದ ಕಟ್ಟಡ ಹುಡುಕಿ ಮುಗಿಸಿದ ಮೇಲೆ ಗೋಡೆ ಮೇಲೆ ಸ್ಪ್ರೇ ಪೇಂಟಿನಿಂದ ಒಂದು ಚೌಕ ಬರೆಯುತ್ತಾರೆ. ತಂಡದ ಗುರುತು, ತಾರೀಖು, ಹುಡುಕಾಟ ಎಷ್ಟರ ಮಟ್ಟಿಗೆ ಆಯಿತು ಅನ್ನುವುದು ಅದರಲ್ಲಿರುತ್ತದೆ. ಮುಂದಿನ ತಂಡಕ್ಕೆ ಅವರ ಭಾಷೆ ಬರಬೇಕಿಲ್ಲ, ಫೋನ್ ಕೆಲಸ ಮಾಡಬೇಕಿಲ್ಲ. ಗೋಡೆ ನೋಡಿದರೆ ಸಾಕು, ಅದೇ ಕಟ್ಟಡದಲ್ಲಿ ಇನ್ನೊಂದು ಆರು ಗಂಟೆ ಕಳೆಯುವುದಿಲ್ಲ. ಸಮನ್ವಯಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಒಂದು ಡಬ್ಬಿ ಬಣ್ಣ, ಮತ್ತು ಎಲ್ಲರೂ ಮೊದಲೇ ಒಪ್ಪಿಕೊಂಡ ಒಂದು ನಿಯಮ.

ಇದನ್ನೇ ದೊಡ್ಡದಾಗಿ ಮಾಡಲು ಹೊರಟಾಗ ಕಷ್ಟ ಶುರುವಾಗುತ್ತದೆ. 1991ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 46/182 ಅನ್ನುವ ನಿರ್ಣಯ ಮಾಡಿತು. ಇವತ್ತಿನ ವ್ಯವಸ್ಥೆಯ ಬುನಾದಿ ಅದೇ. ತುರ್ತು ಪರಿಹಾರಕ್ಕೆ ಒಬ್ಬ ಮುಖ್ಯ ಸಮನ್ವಯಾಧಿಕಾರಿ ಬಂದರು, ನಂತರ ಒಚಾ ಅನ್ನುವ ವಿಶ್ವಸಂಸ್ಥೆಯ ಸಮನ್ವಯ ಕಚೇರಿ ಬಂತು. ಆ ನಿರ್ಣಯದಲ್ಲಿ ಒಂದು ಮಾತು ಸ್ಪಷ್ಟವಾಗಿದೆ, ಆಮೇಲೆ ಅದನ್ನು ಎಷ್ಟೋ ಸಲ ಮರೆತರು. ವಿಪತ್ತು ಆದ ದೇಶದ್ದೇ ಮೊದಲ ಜವಾಬ್ದಾರಿ, ಹೊರಗಿನವರು ಬರುವುದು ಅದಕ್ಕೆ ಕೈ ಜೋಡಿಸಲು.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಸುಮಾರು 2.3 ಲಕ್ಷ ಜನ ಸತ್ತರು. ಜಗತ್ತು ಹಿಂದೆಂದೂ ಕಾಣದಷ್ಟು ದೇಣಿಗೆ ಹರಿದುಬಂತು. ದುಡ್ಡು ಬಂದ ಹಾಗೆ ಸಂಸ್ಥೆಗಳೂ ಬಂದವು. ಇಂಡೋನೇಷ್ಯಾದ ಆಚೆ ಅನ್ನುವ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಬಹಳಷ್ಟು ಪೆಟ್ಟಿಗೆಗಳ ಮೇಲಿನ ಬರಹ ಅಲ್ಲಿನ ಸಿಬ್ಬಂದಿಗೆ ಓದಲು ಬರದ ಭಾಷೆಯಲ್ಲಿತ್ತು. ಈಗ ಆ ಗೋದಾಮಿನಲ್ಲಿ ಕೂತ ಫಾರ್ಮಸಿಸ್ಟ್ ಗತಿ ಯೋಚಿಸಿ. ಒಂದೊಂದೇ ಪೆಟ್ಟಿಗೆ ಬಿಚ್ಚಬೇಕು. ಇದು ಏನು, ಯಾವ ಕಾಯಿಲೆಗೆ, ಅವಧಿ ಮುಗಿದಿದೆಯಾ ಅಂತ ನೋಡಬೇಕು. ಗೊತ್ತಾಗದಿದ್ದರೆ ಬದಿಗಿಡಬೇಕು. ಬದಿಗಿಟ್ಟ ರಾಶಿ ಬೆಳೆಯುತ್ತಾ ಹೋಗುತ್ತದೆ, ಅದನ್ನು ಸುಡಲು ಬೇರೆ ದುಡ್ಡು ಬೇಕು. ಆ ಹೊತ್ತಿನಲ್ಲಿ ಆತ ಕ್ಲಿನಿಕ್‌ಗೆ ಔಷಧಿ ಕಳಿಸಬೇಕಿತ್ತು. ದಾನದ ಔಷಧಿಗೆ ಕನಿಷ್ಠ ಒಂದು ವರ್ಷ ಅವಧಿ ಬಾಕಿ ಇರಬೇಕು, ಪಡೆಯುವವರು ಕೇಳಿದ್ದನ್ನೇ ಕಳಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿತ್ತು. ಹಳೆ ಬಟ್ಟೆ ಕಥೆಯೂ ಇದೇ. ಮನೆ ಕಪಾಟು ಖಾಲಿ ಆದ ಸಮಾಧಾನ ಕೊಡುವವರಿಗೆ, ವಿಂಗಡಿಸುವ ಕೆಲಸ ಆಗಲೇ ಸೋತು ಹೋದವರಿಗೆ.

ಸುನಾಮಿಯ ಪಾಠದಿಂದ 2005ರಲ್ಲಿ ಕ್ಲಸ್ಟರ್ ಪದ್ಧತಿ ಬಂತು. ವಿಷಯಕ್ಕೊಂದು ಗುಂಪು, ಗುಂಪಿಗೊಂದು ಹೊಣೆ. ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ನೀರು ಮತ್ತು ನೈರ್ಮಲ್ಯಕ್ಕೆ ಯುನಿಸೆಫ್, ಸಾಗಾಟಕ್ಕೆ ವಿಶ್ವ ಆಹಾರ ಕಾರ್ಯಕ್ರಮ, ಪ್ರಕೃತಿ ವಿಕೋಪದಲ್ಲಿ ಆಸರೆಗೆ ರೆಡ್ ಕ್ರಾಸ್ ಒಕ್ಕೂಟ, ಹೀಗೆ. ಅದೇ ವರ್ಷ ಅಕ್ಟೋಬರ್ 8ರ ಪಾಕಿಸ್ತಾನ ಭೂಕಂಪದಲ್ಲಿ ಇದನ್ನು ಮೊದಲ ಸಲ ಬಳಸಿದರು.

ಕ್ಲಸ್ಟರ್ ಸಭೆಯ ಜೀವಾಳ ಒಂದು ಸ್ಪ್ರೆಡ್‌ಶೀಟ್. ಯಾರು, ಏನು, ಎಲ್ಲಿ. ಎಡಗಡೆ ಊರುಗಳ ಹೆಸರು, ಮೇಲೆ ಕೆಲಸಗಳು, ಚೌಕದೊಳಗೆ ಸಂಸ್ಥೆಯ ಹೆಸರು. ಹೊಸಬರು ನೋಡುವುದು ತುಂಬಿದ ಚೌಕಗಳನ್ನು, ತಮ್ಮ ಸಂಸ್ಥೆಯ ಹೆಸರು ಬಂದಿದೆಯಾ ಅಂತ. ಅನುಭವ ಇರುವವರ ಕಣ್ಣು ಖಾಲಿ ಚೌಕದ ಮೇಲೆ. ಆ ಚೌಕ ಯಾಕೆ ಖಾಲಿ? ಅಲ್ಲಿ ಅಗತ್ಯ ಇಲ್ಲವಾ, ಅಥವಾ ಯಾರೂ ಹೋಗಿ ನೋಡಿಲ್ಲವಾ? ಎರಡನೇ ಉತ್ತರ ಬಂದರೆ ಅವತ್ತೇ ಒಬ್ಬರನ್ನು ಕಳಿಸಬೇಕು. ಇಲ್ಲೇ ಸಮನ್ವಯದ ಕಷ್ಟ ಬರುವುದು. ನಾಲ್ಕನೇ ಕಂಬಳಿ ಲಾರಿಯವರಿಗೆ, ಇಲ್ಲಿ ಸಾಕು ಅಲ್ಲಿಗೆ ಹೋಗಿ ಅಂದಾಗ ಅವರು ಒಪ್ಪಬೇಕು. ಆದೇಶ ಕೊಡುವ ಅಧಿಕಾರ ಕ್ಲಸ್ಟರ್ ಮುಖ್ಯಸ್ಥರಿಗೆ ಇಲ್ಲ. ದಾನಿಗಳಿಗೆ ಫೋಟೋ ಕಳಿಸಬೇಕಾದ ಒತ್ತಡ ಆ ಲಾರಿಯವರ ಮೇಲಿದೆ.

ಸಭೆ ಚೆನ್ನಾಗಿ ನಡೆದೂ ತಪ್ಪು ಜನ ಕೂತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೈಟಿ ನೋಡಬೇಕು. 2010ರ ಜನವರಿ 12ರ ಭೂಕಂಪ ರಾಜಧಾನಿ ಪೋರ್ಟ್ ಓ ಪ್ರಿನ್ಸ್ ಅನ್ನು ನೆಲಕ್ಕೆ ಕೆಡವಿತು. ಬಹುತೇಕ ಸಚಿವಾಲಯಗಳ ಕಟ್ಟಡ ಬಿದ್ದವು. ವಿಶ್ವಸಂಸ್ಥೆಯ ಕಚೇರಿಯೂ ಕುಸಿದು ಅದರ ಮುಖ್ಯಸ್ಥರೇ ಸತ್ತರು. ಸಮನ್ವಯ ಮಾಡಬೇಕಾದವರೇ ಸಂತ್ರಸ್ತರು. ಆಮೇಲೆ ಸಭೆಗಳು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆಯ ನೆಲೆಯಲ್ಲಿ ನಡೆದವು. ಬೇಲಿ, ಕಾವಲು, ಗುರುತಿನ ಚೀಟಿ. ಮಾತು ಬಹಳಷ್ಟು ಇಂಗ್ಲಿಷಿನಲ್ಲಿ. ಊರಿನವರ ಭಾಷೆ ಕ್ರಿಯೋಲ್, ಸರ್ಕಾರದ ಭಾಷೆ ಫ್ರೆಂಚ್. ಯಾವ ಬೀದಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಿದ್ದ ಸ್ಥಳೀಯ ಸಂಘಗಳು ಗೇಟಿನ ಹೊರಗೆ ಉಳಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಲರಾ ಬಂತು, ಮುಂದೆ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಅದು ಬಂದದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಕೊಳಚೆಯಿಂದ. ಅದರಲ್ಲಿ ತನ್ನ ಪಾತ್ರ ಇದೆ ಅಂತ ವಿಶ್ವಸಂಸ್ಥೆ ಒಪ್ಪಿಕೊಂಡದ್ದು 2016ರಲ್ಲಿ. ಸಹಾಯಕ್ಕೆ ಬಂದವರ ಕಕ್ಕಸು ಗುಂಡಿಯನ್ನೂ ಯಾರಾದರೂ ಪರೀಕ್ಷೆ ಮಾಡಬೇಕು, ಅಲ್ವಾ?

ಕಕ್ಕಸು ಅಂದಾಗ ನೆನಪಾಯಿತು. ಪರಿಹಾರ ಕೆಲಸಕ್ಕೆ ಸ್ಫಿಯರ್ ಅನ್ನುವ ಮಾನದಂಡಗಳಿವೆ. 1994ರಲ್ಲಿ ರುವಾಂಡಾದ ನಿರಾಶ್ರಿತರು ಪಕ್ಕದ ದೇಶದ ಗೋಮಾ ಊರಿನ ಶಿಬಿರಗಳಲ್ಲಿ ಕಾಲರಾದಿಂದ ಸಾವಿರಗಟ್ಟಲೆ ಸತ್ತ ಮೇಲೆ, 1997ರಲ್ಲಿ ಸಂಸ್ಥೆಗಳೇ ಸೇರಿ ಈ ಕೆಲಸ ಶುರು ಮಾಡಿದವು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ. 20 ಜನಕ್ಕೆ ಒಂದು ಶೌಚಾಲಯ. ತಲೆಗೆ 3.5 ಚದರ ಮೀಟರ್ ಸೂರು. ಈ ಅಂಕಿಗಳ ಉಪಯೋಗ ಏನೆಂದರೆ, ಜಗಳ ಬೇಗ ಮುಗಿಯುತ್ತದೆ. ನಾವು ನೀರು ಕೊಟ್ಟಿದ್ದೇವೆ ಅನ್ನುವವರಿಗೆ, ಎಷ್ಟು ಲೀಟರ್ ಅಂತ ಕೇಳಬಹುದು. ಆದರೆ ಅಂಕಿ ಎಲ್ಲ ಹೇಳುವುದಿಲ್ಲ. ಶೌಚಾಲಯದ ಲೆಕ್ಕ ಸರಿ ಇದ್ದರೂ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ದಾರಿಯಲ್ಲಿ ದೀಪ ಇಲ್ಲ ಅಂದರೆ ಹೆಂಗಸರು ರಾತ್ರಿ ಅಲ್ಲಿಗೆ ಹೋಗುವುದಿಲ್ಲ. ಲೆಕ್ಕ ಹಾಕುವ ತಂಡದಲ್ಲಿ ಹೆಂಗಸರಿಲ್ಲದಿದ್ದರೆ ಇದು ಗೊತ್ತಾಗುವುದೂ ಇಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಶವಗಳಿಂದ ರೋಗ ಹರಡುತ್ತದೆ ಅಂತ ಹೆದರಿ ಗುರುತು ಹಿಡಿಯದೆ ಸಾಮೂಹಿಕವಾಗಿ ಹೂಳುವುದು ತಪ್ಪು. ಪ್ರಕೃತಿ ವಿಕೋಪದಲ್ಲಿ ಸತ್ತವರ ಶವಗಳಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಷ್ಟೋ ವರ್ಷದಿಂದ ಹೇಳುತ್ತಿದೆ. ಫೋಟೋ ತೆಗೆದು, ಸಂಖ್ಯೆ ಕೊಟ್ಟು, ಎಲ್ಲಿ ಹೂಳಿದ್ದು ಅಂತ ಬರೆದಿಡಬೇಕು. ಇಲ್ಲದಿದ್ದರೆ ಮನೆಯವರಿಗೆ ಮರಣ ಪತ್ರವಿಲ್ಲ. ಪತ್ರ ಇಲ್ಲದೆ ಆಸ್ತಿ, ವಿಮೆ, ಪರಿಹಾರ ಎಲ್ಲವೂ ವರ್ಷಗಟ್ಟಲೆ ಅಲೆದಾಟ.

ತಯಾರಿ ಇದ್ದರೆ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಮತ್ತೆ ನೇಪಾಳ. ಕಠ್ಮಂಡು ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಭೂಕಂಪಕ್ಕೆ ಒಂದು ತಿಂಗಳು ಮೊದಲು, 2015ರ ಮಾರ್ಚಿನಲ್ಲಿ, ಅಲ್ಲಿ ಪರಿಹಾರ ಸಾಮಗ್ರಿ ಇಳಿಸಿ ವಿಂಗಡಿಸಲು ಒಂದು ಜಾಗ ಸಿದ್ಧವಾಗಿತ್ತು. ಅದು ಇದ್ದದ್ದಕ್ಕೆ ಮೊದಲ ದಿನಗಳಲ್ಲೇ ಸಾಮಾನು ಹೊರಡಲು ಸಾಧ್ಯವಾಯಿತು. ಆದರೂ ಭಾರಿ ವಿಮಾನಗಳಿಂದ ರನ್‌ವೇ ಹಾಳಾಗುತ್ತಿದೆ ಅಂತ ಕೆಲವೇ ದಿನಗಳಲ್ಲಿ ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು.

ಸಾಮಾನಿನ ಬದಲು ದುಡ್ಡು ಕೊಡಬಹುದಾ? ಅಂಗಡಿ ತೆರೆದಿದ್ದರೆ, ಸರಕು ಬರುತ್ತಿದ್ದರೆ, ಖಂಡಿತ. 2013ರ ನವೆಂಬರಿನ ಹೈಯಾನ್ ಚಂಡಮಾರುತದ ನಂತರ ಫಿಲಿಪೈನ್ಸ್‌ನಲ್ಲಿ ಬಡ ಕುಟುಂಬಗಳಿಗೆ ಮೊದಲೇ ಹೋಗುತ್ತಿದ್ದ ಸರ್ಕಾರಿ ನಗದು ಯೋಜನೆಯ ಮೂಲಕವೇ ಹೆಚ್ಚುವರಿ ದುಡ್ಡು ತಲುಪಿಸಿದರು. ಯಾರಿಗೆ ಏನು ಬೇಕು ಅಂತ ಊಹಿಸುವ ಕೆಲಸವೇ ತಪ್ಪಿತು.

ಇನ್ನು ಪುನರ್ವಸತಿ. ಕ್ಯಾಮೆರಾಗಳು ಹೋದ ಮೇಲೆ ನಡೆಯುವ ಈ ಕೆಲಸಕ್ಕೆ ವರ್ಷಗಳು ಬೇಕು. ಸುನಾಮಿ ಬಡಿದ ಆಚೆ ಪ್ರಾಂತ್ಯದಲ್ಲಿ ಇಂಡೋನೇಷ್ಯಾ ಸರ್ಕಾರ 2005ರ ಏಪ್ರಿಲ್‌ನಲ್ಲೇ ಪುನರ್ನಿರ್ಮಾಣಕ್ಕೆ ಬೇರೆಯೇ ಸಂಸ್ಥೆ ಮಾಡಿ, ಮುಖ್ಯ ಕಚೇರಿಯನ್ನು ಆ ಪ್ರಾಂತ್ಯದಲ್ಲೇ ಇಟ್ಟಿತು. ನಾಲ್ಕು ವರ್ಷದ ಅವಧಿ, ಆಮೇಲೆ ಮುಚ್ಚಬೇಕು. 2009ರಲ್ಲಿ ಮುಚ್ಚುವ ಹೊತ್ತಿಗೆ 1.3 ಲಕ್ಷಕ್ಕೂ ಹೆಚ್ಚು ಮನೆಗಳಾಗಿದ್ದವು. ನೇಪಾಳದಲ್ಲಿ ದಾನಿ ದೇಶಗಳು ಎರಡೇ ತಿಂಗಳಲ್ಲಿ ಸುಮಾರು 400 ಕೋಟಿ ಡಾಲರ್ ಕೊಡುತ್ತೇವೆ ಅಂದವು. ಆದರೆ ಅದನ್ನು ಖರ್ಚು ಮಾಡಬೇಕಾದ ಪುನರ್ನಿರ್ಮಾಣ ಪ್ರಾಧಿಕಾರ ರಾಜಕೀಯ ಜಗ್ಗಾಟದಲ್ಲಿ ಡಿಸೆಂಬರ್‌ವರೆಗೆ ಕೆಲಸ ಶುರು ಮಾಡಲೇ ಇಲ್ಲ. ಬೆಟ್ಟದ ಜನ ಆ ಚಳಿಗಾಲವನ್ನು ತಗಡು, ಟಾರ್ಪಾಲಿನ ಕೆಳಗೆ ಕಳೆದರು. ದುಡ್ಡು ಇದೆ, ಜಾಗ ಇದೆ, ಸಹಿ ಹಾಕುವ ಕೈ ಇಲ್ಲ.

ಮನೆ ಕಟ್ಟುವವರು ಯಾರು ಅನ್ನುವುದೂ ಮುಖ್ಯ. 2001ರ ಜನವರಿ 26ರ ಗುಜರಾತ್ ಭೂಕಂಪದ ನಂತರ ಬಹುಪಾಲು ಕುಟುಂಬಗಳಿಗೆ ಕಂತಿನಲ್ಲಿ ದುಡ್ಡು ಕೊಟ್ಟು, ಮನೆ ನೀವೇ ಕಟ್ಟಿಕೊಳ್ಳಿ, ಇಂಜಿನಿಯರ್ ಬಂದು ನೋಡುತ್ತಾರೆ ಅಂದರು. ತಳಪಾಯ ಸರಿ ಇದ್ದರೆ ಮುಂದಿನ ಕಂತು. ಗುತ್ತಿಗೆದಾರ ಕಟ್ಟಿಕೊಟ್ಟ ಸಾಲುಮನೆಗಿಂತ ಇದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ತನ್ನ ಮನೆಯ ಸರಳು ಕಟ್ಟುವಾಗ ಯಜಮಾನನೇ ಎದುರು ನಿಂತಿರುತ್ತಾನೆ.

ಆದರೆ ಈ ಪದ್ಧತಿಯಲ್ಲಿ ಒಂದು ತೂತಿದೆ. ಮನೆ ದುಡ್ಡು ಸಿಗುವುದು ಮನೆ ಇದ್ದವರಿಗೆ. ಬಾಡಿಗೆದಾರರು, ಹಕ್ಕುಪತ್ರ ಇಲ್ಲದ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು, ಗಂಡನ ಹೆಸರಲ್ಲಿದ್ದ ಮನೆಯ ವಿಧವೆಯರು ಪಟ್ಟಿಗೆ ಬರುವುದಿಲ್ಲ. ಹೈಟಿಯ ಶಿಬಿರಗಳಲ್ಲಿ ಉಳಿದವರಲ್ಲಿ ಬಹಳ ಮಂದಿ ಬಾಡಿಗೆದಾರರು. ಕಟ್ಟಲು ಅವರಿಗೆ ಜಾಗವೇ ಇರಲಿಲ್ಲ. ಕೊನೆಗೆ ಒಂದು ವರ್ಷದ ಬಾಡಿಗೆಗೆ ಅಂತ ನಗದು ಕೊಟ್ಟಾಗ ಶಿಬಿರಗಳು ಖಾಲಿ ಆಗತೊಡಗಿದವು.

ಹಾಗಾಗಿ ಫಲಾನುಭವಿಗಳ ಪಟ್ಟಿ ಆದ ಕೂಡಲೇ ಅದನ್ನು ಊರ ಮಧ್ಯೆ, ಊರಿನ ಭಾಷೆಯಲ್ಲಿ ಅಂಟಿಸಿ. ಓದಲು ಬರದವರಿಗೆ ಓದಿ ಹೇಳಿ. ಆಕ್ಷೇಪಣೆಗೆ ಸಮಯ ಕೊಡಿ, ದೂರು ತೆಗೆದುಕೊಳ್ಳಲು ಒಬ್ಬರನ್ನು ಅಲ್ಲೇ ಕೂರಿಸಿ. ಪಟ್ಟಿ ಮಾಡಿದವರೇ ದೂರು ಕೇಳಬಾರದು, ಬೇರೆಯವರಿರಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ, ಆದರೂ ಬಜೆಟ್ ಕಡಿತ ಆದಾಗ ಮೊದಲು ಹೋಗುವುದು ಈ ಹುದ್ದೆಯೇ.

ನಾನು ಹೇಳಬೇಕೆಂದಿದ್ದು ಇಷ್ಟು. ಈಗ ನಿಮ್ಮ ಪ್ರಶ್ನೆಗಳು.