ಮರುದನಿ ಬಾರದ ಹೊತ್ತು

ಸಭೆಯಲ್ಲಿರುವ ಹಿರಿಯರಿಗೂ, ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿಗಳಿಗೂ, ಮೋಟಾರಿನ ಕೆಲಸ ಬೇರೆಯವರಿಗೆ ಒಪ್ಪಿಸಿ ಬಂದಿರುವ ನೀರುಗಂಟಿಗಳಿಗೂ ನಮಸ್ಕಾರ.

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ನಮ್ಮ ಕೋಲಾರ ಸೀಮೆಯಲ್ಲಿ ನೀರುಗಂಟಿ ಎಂಬ ಮಾತು ಬಹಳ ಹಳೆಯದು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಆ ಕಾಲದ ನೀರುಗಂಟಿಯ ಕೆಲಸವಾಗಿತ್ತು. ಇಂದು ಅದೇ ಹೆಸರಿನ ಪಂಚಾಯಿತಿ ನೌಕರರು ಸಾವಿರ ಅಡಿ ದಾಟಿದ ಕೊಳವೆಬಾವಿಯ ಮೋಟಾರು ಹಾಕಿ, ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಎಷ್ಟಿದೆಯೆಂದು ತಿಳಿಯಲು ಏಣಿ ಹತ್ತಿ ಕೋಲು ಇಳಿಸಿ ನೋಡಬೇಕು. ಏಣಿ ಹತ್ತದೆ ಆ ಮಟ್ಟವನ್ನು ತಿಳಿಯುವಂತೆ ಮಾಡುವುದು, ಅಂದರೆ ಒಂದು ಸಣ್ಣ ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರು) ದೂರವನ್ನು ಅಳೆದು ಅದನ್ನು ಜಾಲದ ಮೂಲಕ ಕಳಿಸುವಂತೆ ಪ್ರೋಗ್ರಾಮ್ ಬರೆಯುವುದು, ಇಂದಿನ ವಿಷಯ.

ಅಳತೆಯ ತತ್ತ್ವ ನೀವೆಲ್ಲ ಬಲ್ಲದ್ದೇ. ಮನೆಯ ಡ್ರಮ್ಮಿನ ಪಕ್ಕೆಗೆ ಬೆರಳ ಗೆಣ್ಣಿನಿಂದ ಬಡಿದು, ಸದ್ದು ಎಲ್ಲಿ ಬದಲಾಗುತ್ತದೆಯೋ ಅಲ್ಲಿಯವರೆಗೆ ನೀರಿದೆ ಎಂದು ಹೇಳುವವರು ನಾವು. ಎಚ್‌ಸಿ-ಎಸ್‌ಆರ್04 ಎಂಬ ಅಗ್ಗದ ಸೆನ್ಸರ್ ಕೂಡ ಸದ್ದನ್ನೇ ನಂಬಿದೆ, ಬಳಸುವ ಬಗೆ ಮಾತ್ರ ಬೇರೆ. ಅದರ ಟ್ರಿಗರ್ ಕಾಲಿಗೆ, ಅಂದರೆ ಅಳತೆ ಶುರುಮಾಡಿಸುವ ಪಿನ್ನಿಗೆ, 10 ಮೈಕ್ರೊಸೆಕೆಂಡಿನ ಒಂದು ಸಂಕೇತ ಕೊಟ್ಟರೆ, ನಮ್ಮ ಕಿವಿಗೆ ಕೇಳಿಸದ 40 ಕಿಲೊಹರ್ಟ್ಸಿನ ಎಂಟು ಅಲೆಗಳನ್ನು ಅದು ಹೊರಡಿಸುತ್ತದೆ. ಅವು ನೀರಿಗೆ ಬಡಿದು ಮರಳುವವರೆಗೆ ಎಕೋ (ಮರುದನಿ) ಕಾಲಿನ ವೋಲ್ಟೇಜನ್ನು ಮೇಲೆತ್ತಿ ಹಿಡಿದಿರುತ್ತದೆ. ಆ ಅವಧಿಯನ್ನು ಪ್ರೋಗ್ರಾಮಿನಲ್ಲಿ ಪಲ್ಸ್‌ಇನ್ ಎಂಬ ಫಂಕ್ಷನ್ ಎಣಿಸಿಕೊಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಹೋಗಿಬರುವ ದಾರಿಗೆ ಪ್ರತಿ ಸೆಂಟಿಮೀಟರಿಗೆ ಸುಮಾರು 58 ಮೈಕ್ರೊಸೆಕೆಂಡು ಹಿಡಿಯುತ್ತದೆ. ಮೂರು ಮೀಟರ್ ಆಳಕ್ಕೆ ಅದು 17,500ರ ಆಸುಪಾಸು. ಈ ಸೆನ್ಸರಿನ ಎಕೋ 5 ವೋಲ್ಟಿನದು, ನಮ್ಮ ಮೈಕ್ರೊಕಂಟ್ರೋಲರಾದ ಇಎಸ್‌ಪಿ32 ಚಿಪ್ಪಿನ ಕಾಲು 3.3 ವೋಲ್ಟಿನದು, ನಡುವೆ 1 ಕಿಲೊಓಮ್ ಮತ್ತು 2 ಕಿಲೊಓಮ್ ರೆಸಿಸ್ಟರುಗಳಿಂದ ವೋಲ್ಟೇಜನ್ನು ಇಳಿಸಿಕೊಳ್ಳಿ. ಇಳಿಸದೆಯೂ ಕೆಲವು ದಿನ ನಡೆಯುತ್ತದೆ ಎನ್ನುವವರು ಸಿಗುತ್ತಾರೆ, ಅವರ ಮಾತಿಗೆ ಕಿವಿಗೊಡಬೇಡಿ.

ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಾನು ಎಡವಿದ್ದು ಇದರ ನಂತರ.

ಹಳ್ಳಿಯೊಂದರ ಟ್ಯಾಂಕಿನ ಮುಚ್ಚಳದ ಒಳಮೈಗೆ ನಾವು ಇದೇ ಸೆನ್ಸರನ್ನು ಕೂರಿಸಿದ್ದೆವು. ಪಲ್ಸ್‌ಇನ್ ಅನಗತ್ಯವಾಗಿ ಕಾಯದಿರಲೆಂದು 30,000 ಮೈಕ್ರೊಸೆಕೆಂಡಿನ ಗಡುವನ್ನೂ ಕೊಟ್ಟಿದ್ದೆ. ಆ ಗಡುವಿನೊಳಗೆ ಮರುದನಿ ಮುಗಿಯದಿದ್ದರೆ ಆ ಫಂಕ್ಷನ್ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಮಾಗಿಯ ಒಂದು ಬೆಳಗ್ಗೆ ಸೆನ್ಸರಿನ ಜಾಲರಿಯ ಮೇಲೆ ಹನಿಗಟ್ಟಿ, ಮರುದನಿ ಬರಲಿಲ್ಲ. ಸೊನ್ನೆ ಬಂತು. ನನ್ನ ಪ್ರೋಗ್ರಾಮು ಆ ಸೊನ್ನೆಯನ್ನು ದೂರವೆಂದು ಓದಿತು: ಸೆನ್ಸರಿಗೂ ನೀರಿಗೂ ನಡುವೆ ಅಂತರವೇ ಇಲ್ಲ, ಆದ್ದರಿಂದ ಟ್ಯಾಂಕು ತುಂಬಿದೆ. ಪಂಚಾಯಿತಿಯ ಪರದೆಯ ಮೇಲೆ ನೂರಕ್ಕೆ ನೂರು ಎಂದು ಹಸಿರು ಬಣ್ಣದಲ್ಲಿ ಬಂದಿದ್ದನ್ನು ನಂಬಿ ನೀರುಗಂಟಿಯವರು ಮೋಟಾರು ಹಾಕಲಿಲ್ಲ. ಒಂಬತ್ತು ಗಂಟೆಗೆ ಕೊಳಾಯಿಗಳು ನಿಂತವು, ಹತ್ತು ಗಂಟೆಗೆ ಖಾಲಿ ಬಿಂದಿಗೆಗಳ ಸಾಲು ಪಂಚಾಯಿತಿ ಬಾಗಿಲಿಗೆ ಬಂತು. ಬೈಗುಳ ತಿಂದವರು ಅವರು, ತಪ್ಪು ನನ್ನದು. "ನನ್ ಕೋಲು ಯಾವತ್ತೂ ಸುಳ್ಳು ಹೇಳಿರ್ಲಿಲ್ಲ ಸಾರ್" ಎಂದಷ್ಟೇ ಅವರು ಹೇಳಿದರು.

ಅಳತೆ ಆಗದಿರುವುದು ಒಂದು, ಅಳತೆಯ ಫಲ ಸೊನ್ನೆಯಾಗಿರುವುದು ಇನ್ನೊಂದು. ಅಳತೆಯನ್ನು ದೂರಕ್ಕೆ ಕಳಿಸುವ ಯಾವ ಉಪಕರಣವೇ ಆಗಲಿ, ಈ ಎರಡನ್ನೂ ಬೇರೆಬೇರೆಯಾಗಿ ಹೇಳಲು ಕಲಿತಿರಬೇಕು. ಅಂದಿನಿಂದ ನಾನು ಒಂದೇ ಓದನ್ನು, ಅಂದರೆ ಒಂದೇ ಸಲದ ಅಳತೆಯನ್ನು, ನಂಬುವುದಿಲ್ಲ. ಐದು ಸಲ ಅಳೆದು, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಆರಿಸಿಕೊಳ್ಳುತ್ತೇನೆ. ಸರಾಸರಿ ತೆಗೆದರೆ ಒಂದೇ ಒಂದು ಹುಚ್ಚು ಓದು ಉಳಿದ ನಾಲ್ಕನ್ನೂ ಕೆಡಿಸುತ್ತದೆ. ಐದರಲ್ಲಿ ಎಷ್ಟು ಸಲ ಮರುದನಿ ಬರಲಿಲ್ಲ ಎಂಬ ಎಣಿಕೆಯೂ ಸಂದೇಶದ ಜೊತೆಗೆ ಹೋಗುತ್ತದೆ. ಸೆನ್ಸರನ್ನೂ ಬದಲಿಸಿ, ನೀರು ತಾಗದಂತೆ ಮುಚ್ಚಿದ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿದ್ದೇವೆ. ತೀರ ಹತ್ತಿರದ, ಸುಮಾರು 20-25 ಸೆಂಟಿಮೀಟರಿನೊಳಗಿನ ವಸ್ತು ಅದಕ್ಕೆ ಕಾಣದಾದ್ದರಿಂದ, ತುಂಬಿದ ಮಟ್ಟಕ್ಕಿಂತ ಒಂದಡಿಯಾದರೂ ಮೇಲೆ ಅದನ್ನು ಕೂರಿಸಬೇಕು.

ಎರಡನೆಯ ಪಾಠ ಬಿಸಿಲು ಕಲಿಸಿದ್ದು. ಗಾಳಿ ಕಾದಷ್ಟೂ ಸದ್ದಿನ ವೇಗ ಹೆಚ್ಚುತ್ತದೆ, ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಂತೆ. ಟ್ಯಾಂಕಿನ ಒಳಗಿನ ಗಾಳಿ 35 ಡಿಗ್ರಿ ಇದ್ದು, ನಮ್ಮ ಲೆಕ್ಕ 20 ಡಿಗ್ರಿಯದಾಗಿದ್ದರೆ, ಮೂರು ಮೀಟರಿನಲ್ಲಿ ಸುಮಾರು 8 ಸೆಂಟಿಮೀಟರ್ ತಪ್ಪುತ್ತದೆ. ಒಳವ್ಯಾಸ 4 ಮೀಟರಿರುವ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರಿಗೆ 125 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ; ಎಂದಮೇಲೆ ಮನೆ ಮೇಲಿನ ಕರಿ ಟ್ಯಾಂಕೊಂದರಷ್ಟು, ಅಂದರೆ ಸಾವಿರ ಲೀಟರ್ ನೀರು ಇಲ್ಲದಿದ್ದರೂ ಇದೆಯೆಂದು ಪರದೆ ಹೇಳುತ್ತದೆ. ಡಿಎಸ್18ಬಿ20 ಎಂಬ ಚಿಕ್ಕ ಉಷ್ಣತಾ ಸೆನ್ಸರನ್ನು ಮುಚ್ಚಳದ ಕೆಳಗೆ ನೇತುಹಾಕಿದರೆ ಈ ತೊಡಕು ಬಹುಪಾಲು ತೀರುತ್ತದೆ. ಆದರೂ ಟ್ಯಾಂಕಿನ ಬಳಿಯ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲೇ ಲೀಟರು ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮರುದನಿಗೆ ಹಿಡಿದ ಸಮಯವನ್ನೂ ಉಷ್ಣತೆಯನ್ನೂ ಇದ್ದಂತೆಯೇ ಕಳಿಸಿ, ಲೆಕ್ಕವನ್ನು ಈಚೆ ಬದಿಯಲ್ಲಿ, ಸಂದೇಶ ಪಡೆಯುವ ಕಂಪ್ಯೂಟರಿನಲ್ಲಿ, ಮಾಡಿ. ಸೂತ್ರದಲ್ಲಿ ತಪ್ಪು ಕಂಡರೆ ಮತ್ತೆ ಏಣಿ ಹತ್ತಬೇಕಾಗುವುದಿಲ್ಲ, ಹಿಂದಿನ ತಿಂಗಳ ಓದುಗಳನ್ನೂ ತಿದ್ದಬಹುದು.

ಕಳಿಸುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಊರಾಚೆಯ ಟ್ಯಾಂಕಿಗೆ ವೈಫೈ ಎಟುಕುವುದಿಲ್ಲ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ್ದರಿಂದ, ಕಡಿಮೆ ಶಕ್ತಿಯಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ನಮಗೆ ಒದಗುತ್ತದೆ. ಬೆಟ್ಟ ಅಡ್ಡ ಬರದಿದ್ದರೆ ಟ್ಯಾಂಕಿನ ಎತ್ತರವೇ ಆಂಟೆನಾಕ್ಕೆ ಅನುಕೂಲ. ಅದರಲ್ಲಿ ಸಂದೇಶ ಚಿಕ್ಕದಿರಬೇಕು. ನಮ್ಮದು ಎಂಟೇ ಬೈಟು: ಮರುದನಿಯ ಸಮಯಕ್ಕೆ ಎರಡು, ಉಷ್ಣತೆಗೆ ಒಂದು, ಬ್ಯಾಟರಿಯ ವೋಲ್ಟೇಜಿಗೆ ಎರಡು, ಕ್ರಮಸಂಖ್ಯೆಗೆ ಎರಡು, ವಿಫಲ ಓದುಗಳ ಎಣಿಕೆಗೆ ಒಂದು.

ಈ ರೇಡಿಯೊ ಸಂದೇಶವನ್ನು ಹಿಡಿದು ಜಾಲಕ್ಕೆ ದಾಟಿಸುವ, ಪಂಚಾಯಿತಿ ಕಚೇರಿಯ ಗೇಟ್‌ವೇ ಇದನ್ನು ಎಂಕ್ಯೂಟಿಟಿ ಎಂಬ ಸಂದೇಶ ರವಾನೆಯ ಪದ್ಧತಿಯ ಮೂಲಕ ಮುಂದಕ್ಕೆ ಕಳಿಸುತ್ತದೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಈ ಪದ್ಧತಿಯನ್ನು ರೂಪಿಸಿದ್ದು ದೂರದ ತೈಲದ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡುವುದಕ್ಕಾಗಿ. ಕೊಳವೆಯಲ್ಲಿ ಹರಿಯುವುದು ಬೇರೆಯಾದರೂ ಕಷ್ಟ ನಮ್ಮದೇ. ಇದರ ರಿಟೇನ್ ಸೌಲಭ್ಯವನ್ನು ಎಚ್ಚರದಿಂದ ಬಳಸಿ. ಕೊನೆಯ ಸಂದೇಶವನ್ನು ಅದು ಕಾದಿಟ್ಟು, ಹೊಸದಾಗಿ ಕೇಳಿದವರಿಗೆಲ್ಲ ಕೊಡುತ್ತದೆ. ಬೋರ್ಡು ಸತ್ತು ಮೂರು ದಿನವಾಗಿದ್ದರೂ ಪರದೆಯ ಮೇಲೆ ಅಂಕಿ ಜೀವಂತವಾಗಿ ಕಾಣುತ್ತದೆ. ಸಂಪರ್ಕ ಏಕಾಏಕಿ ಕಡಿದರೆ ತಿಳಿಸುವ ಲಾಸ್ಟ್ ವಿಲ್ ಎಂಬ ಏರ್ಪಾಡೂ ಉಂಟು, ಆದರೆ ಇಲ್ಲಿ ಎಂಕ್ಯೂಟಿಟಿ ಸಂಪರ್ಕ ಇರುವುದು ಗೇಟ್‌ವೇಗೆ. ಟ್ಯಾಂಕಿನ ಮೇಲಿನ ಬೋರ್ಡು ಬ್ಯಾಟರಿ ಉಳಿಸಲು ಹತ್ತು ನಿಮಿಷಕ್ಕೊಮ್ಮೆ ಎದ್ದು ಮತ್ತೆ ಮಲಗುತ್ತದೆ. ಅದು ಏಳದೇ ಹೋದರೆ ಗೇಟ್‌ವೇಯ ವಿಲ್ ನಮಗೆ ಏನನ್ನೂ ತಿಳಿಸದು. ಹಾಗಾಗಿ ಮೌನವನ್ನು ಈಚೆ ಬದಿಯೇ ಗಮನಿಸಬೇಕು: ಬರಬೇಕಾದ ಮೂರು ಸಂದೇಶ ತಪ್ಪಿದರೆ ಅಂಕಿಯನ್ನು ಅಳಿಸಿ, "ಗೊತ್ತಿಲ್ಲ, ಏಣಿ ಹತ್ತಿ ನೋಡಿ" ಎಂದು ತೋರಿಸಬೇಕು. ಈ ವಾಕ್ಯ ಅದೇ ನೀರುಗಂಟಿಯವರು ಹೇಳಿ ಬರೆಸಿದ್ದು.

ಮೇಜಿನ ಮೇಲೆ ಬಕೆಟ್ಟೂ ಸೆನ್ಸರೂ ಇವೆ, ಪಕ್ಕದಲ್ಲಿ ಒಂದು ದಪ್ಪ ಟವೆಲ್ಲು. ಮರುದನಿ ಮರಳದಂತೆ ಬಕೆಟ್ಟಿನ ಬಾಯಿಗೆ ಟವೆಲ್ಲನ್ನು ಓರೆಯಾಗಿ ಹಿಡಿದು, ಪರದೆಯ ಮೇಲೆ ಏನು ಬರುತ್ತದೆಂದು ಒಬ್ಬೊಬ್ಬರಾಗಿ ಬಂದು ನೋಡಿ. ಅಲ್ಲಿ ಹಸಿರು ಅಂಕಿ ಉಳಿದಿದ್ದರೆ ನನ್ನನ್ನು ಕರೆಯಿರಿ.