ಮಾತು ನಿಲ್ಲಿಸಿದರು, ಮಾತಾಡಲು ನಿಂತಳು

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಕ್ರಿಯಾಪದಗಳ ಬಳಕೆಯನ್ನು ಸಿನಿಮಾ, ಟಿವಿ ದೃಶ್ಯಗಳಿಂದ ಕಲಿಸುವ ಬಗ್ಗೆ ನನ್ನ ಮಾತು.

ಕಣ್ಣು ಮುಚ್ಚಿ ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಕಚೇರಿಯ ಉದ್ದನೆಯ ಪಡಸಾಲೆ. ಇಬ್ಬರು ಗೆಳತಿಯರು ಹರಟುತ್ತ ಬರುತ್ತಿದ್ದಾರೆ. ಎದುರಿಗೆ ಮೇಲಧಿಕಾರಿ ಕಂಡ ಕೂಡಲೇ ಇಬ್ಬರ ಬಾಯಿಯೂ ಬಂದ್. ಈಗ ಇನ್ನೊಂದು ದೃಶ್ಯ. ಅದೇ ಪಡಸಾಲೆಯಲ್ಲಿ ಒಬ್ಬಳೇ ಬಿರಬಿರನೆ ನಡೆಯುತ್ತಿದ್ದಾಳೆ. ಹಳೆಯ ಪರಿಚಯದವರೊಬ್ಬರು ಸಿಕ್ಕರು, ಹೆಜ್ಜೆ ನಿಂತಿತು, ಮಾತು ಶುರುವಾಯಿತು. ಮೊದಲನೆಯದನ್ನು ಇಂಗ್ಲಿಷಿನಲ್ಲಿ 'ದೇ ಸ್ಟಾಪ್ಡ್ ಟಾಕಿಂಗ್' ಅನ್ನುತ್ತಾರೆ. ಎರಡನೆಯದನ್ನು 'ಷಿ ಸ್ಟಾಪ್ಡ್ ಟು ಟಾಕ್' ಅನ್ನುತ್ತಾರೆ. ಪುಸ್ತಕದ ಹಾಳೆಯಲ್ಲಿ ಈ ಎರಡು ವಾಕ್ಯ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಪರದೆಯ ಮೇಲೆ ನೋಡಿದವರು ಮಾತ್ರ ಒಂದನ್ನು ಇನ್ನೊಂದು ಅಂದುಕೊಳ್ಳಲಾರರು.

ನಮ್ಮ ಕನ್ನಡದಲ್ಲಿ ಇಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಮಾತು ನಿಲ್ಲಿಸಿದರು, ಮಾತಾಡಲು ನಿಂತಳು. 'ನಿಲ್ಲಿಸು' ಬೇರೆ, 'ನಿಲ್ಲು' ಬೇರೆ. ಇಂಗ್ಲಿಷಿನ 'ಸ್ಟಾಪ್' ಎರಡು ಕೆಲಸವನ್ನೂ ತಾನೇ ಮಾಡುವುದರಿಂದ, ಅರ್ಥ ಗೊತ್ತಾಗಬೇಕಾದರೆ ಅದರ ನಂತರ ಬರುವ ಪದದ ರೂಪವನ್ನೇ ನೋಡಬೇಕು. ಒಂದು ಕ್ರಿಯಾಪದ ತನ್ನ ಹಿಂದೆ ಯಾವ ರೂಪವನ್ನು ಕರೆದುಕೊಂಡು ಬರುತ್ತದೆ ಅನ್ನುವುದೇ ವರ್ಬ್ ಪ್ಯಾಟರ್ನ್.

ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಈ ವಿಷಯಕ್ಕೆ ತಮ್ಮ ಬದುಕಿನ ದೊಡ್ಡ ಪಾಲನ್ನು ಕೊಟ್ಟರು. ಅವರು ಮತ್ತು ಜೊತೆಗಾರರು ಕಲಿಯುವವರಿಗೆಂದೇ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಹೊರಬಂತು. 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಮತ್ತೆ ಪ್ರಕಟಿಸಿತು. ಪದದ ಅರ್ಥದ ಜೊತೆಗೆ ಅದು ಯಾವ ಪ್ಯಾಟರ್ನಿನಲ್ಲಿ ನಿಲ್ಲುತ್ತದೆ ಅಂತಲೂ ಅದರಲ್ಲಿ ಗುರುತು ಹಾಕಿದ್ದರು. ಬೇರೆ ಭಾಷೆಯಿಂದ ಬಂದವರಿಗೆ ಎಡವುವ ಜಾಗ ಇದೇ ಅಂತ ತರಗತಿಯಲ್ಲಿ ನಿಂತವರಿಗೆ ಗೊತ್ತಿತ್ತು.

ಆದರೆ ಇಂಥ ಪ್ಯಾಟರ್ನುಗಳ ಪಟ್ಟಿ ಮಾಡಿ ಉರು ಹೊಡೆಸಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆಯ ಖಾಲಿ ಜಾಗ ಸರಿಯಾಗಿ ತುಂಬುತ್ತದೆ, ಬಾಯಿ ತೆರೆದಾಗ ಹಳೆಯ ತಪ್ಪೇ ಬರುತ್ತದೆ. ಯಾಕೆಂದರೆ ಮಾತಾಡುವ ಹೊತ್ತಿನಲ್ಲಿ ಪಟ್ಟಿ ನೆನಪಿಗೆ ಬರುವುದಿಲ್ಲ, ಸಂದರ್ಭ ನೆನಪಿಗೆ ಬರುತ್ತದೆ. ಸಿನಿಮಾ, ಟಿವಿ ಧಾರಾವಾಹಿಗಳಲ್ಲಿ ಇರುವುದೂ ಸಂದರ್ಭವೇ.

ನನ್ನ ಅನುಭವದಲ್ಲಿ, ಒಂದೊಂದು ಬಗೆಯ ದೃಶ್ಯಕ್ಕೆ ಒಂದೊಂದು ಪ್ಯಾಟರ್ನ್ ಒಗ್ಗುತ್ತದೆ. ಪತ್ತೇದಾರಿ ಕಥೆಯ ವಿಚಾರಣೆಯ ಕೋಣೆಯನ್ನೇ ತೆಗೆದುಕೊಳ್ಳಿ. ಮೇಜಿನ ಈ ಕಡೆ ಪೊಲೀಸ್, ಆ ಕಡೆ ಆರೋಪಿ. ನಡೆದುಹೋದದ್ದನ್ನು ಕೆದಕುವುದೇ ಅಲ್ಲಿನ ಕೆಲಸ. 'ಡು ಯು ರಿಮೆಂಬರ್ ಲಾಕಿಂಗ್ ದ ಡೋರ್?' ಬೀಗ ಹಾಕಿದ್ದು ನೆನಪಿದೆಯಾ? 'ಹಿ ಡಿನೈಸ್ ಟೇಕಿಂಗ್ ದ ಕೀ.' ಕೀಲಿ ತೆಗೆದುಕೊಂಡಿದ್ದನ್ನು ಒಪ್ಪುತ್ತಿಲ್ಲ. ಅಡ್ಮಿಟ್, ಡಿನೈ, ರಿಮೆಂಬರ್, ರಿಗ್ರೆಟ್, ಎಲ್ಲವೂ ಹಿಂದೆ ತಿರುಗಿ ನೋಡುತ್ತವೆ, ಎಲ್ಲದರ ಜೊತೆಗೂ 'ಇಂಗ್' ರೂಪ. ಈಗ ರೈಲು ಹೊರಡುವ ಹೊತ್ತಿನ ಬೀಳ್ಕೊಡುಗೆಯ ದೃಶ್ಯಕ್ಕೆ ಬನ್ನಿ. 'ಪ್ರಾಮಿಸ್ ಟು ರೈಟ್.' 'ಐ ಹೋಪ್ ಟು ಕಮ್ ಬ್ಯಾಕ್.' 'ರಿಮೆಂಬರ್ ಟು ಲಾಕ್ ದ ಡೋರ್.' ಎಲ್ಲ ಇನ್ನು ಆಗಬೇಕಾದ ಮಾತು, ಎಲ್ಲದರಲ್ಲೂ 'ಟು'. ಅದೇ ರಿಮೆಂಬರ್, ಅದೇ ಬೀಗ. ವಿಚಾರಣೆಯ ಕೋಣೆಯಲ್ಲಿ ಅದು ಹಾಕಿದ ಬೀಗ, ಬೀಳ್ಕೊಡುವಾಗ ಅದು ಹಾಕಬೇಕಾದ ಬೀಗ.

ನಡೆದದ್ದಕ್ಕೆ 'ಇಂಗ್', ಆಗಬೇಕಾದದ್ದಕ್ಕೆ 'ಟು' ಅನ್ನುವ ಈ ಸೂತ್ರ ಎಲ್ಲ ಕಡೆ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. 'ಸಜೆಸ್ಟ್ ಗೋಯಿಂಗ್' ಅಂದಾಗ ಹೋಗುವುದು ಇನ್ನೂ ಬಾಕಿ ಇದೆ, ಆದರೂ 'ಇಂಗ್' ಬಂದಿದೆ. ಅಂಥವನ್ನು ಹಾಗೆಯೇ ಕೇಳಿ ಕೇಳಿ ರೂಢಿ ಮಾಡಿಕೊಳ್ಳಬೇಕು. ಬಿಗಿನ್, ಸ್ಟಾರ್ಟ್ ಮುಂತಾದವುಗಳಿಗೆ ಸಾಮಾನ್ಯವಾಗಿ ಎರಡೂ ನಡೆಯುತ್ತವೆ, ಅವುಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ಕನ್ನಡದವರಿಗೆ ನಿಜಕ್ಕೂ ಕಾಡುವುದು ಮನೆಜಗಳದ ದೃಶ್ಯ. 'ಅವನು ಬರಬೇಕು ಅಂತ ನನಗೆ ಆಸೆ' ಅನ್ನುವುದು ನಮ್ಮ ಮಾತಿನ ಜಾಡು. ಆ 'ಅಂತ'ವನ್ನು ಹೊತ್ತುಕೊಂಡೇ ಇಂಗ್ಲಿಷಿಗೆ ಹೋಗಿ 'ಐ ವಾಂಟ್ ದಟ್ ಹಿ ಶುಡ್ ಕಮ್' ಅನ್ನುತ್ತೇವೆ. 'ಐ ವಾಂಟ್ ಹಿಮ್ ಟು ಕಮ್' ಸರಿ. ಅಪ್ಪ ಮಗನ ಜಟಾಪಟಿಯ ಒಂದು ದೃಶ್ಯದಲ್ಲಿ ಇದು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ನೀನು ಓದಬೇಕು ಅಂತ ನನಗಿದೆ, ನನ್ನನ್ನು ಹೋಗಲು ಬಿಡು, ನೀನೇ ನನ್ನಿಂದ ಸುಳ್ಳು ಹೇಳಿಸಿದೆ. 'ಐ ವಾಂಟ್ ಯು ಟು ಸ್ಟಡಿ', 'ಲೆಟ್ ಮಿ ಗೋ', 'ಯು ಮೇಡ್ ಮಿ ಲೈ'. ವಾಂಟ್, ಲೆಟ್, ಮೇಕ್. ಮೊದಲನೆಯದಕ್ಕೆ 'ಟು' ಬೇಕು, ಉಳಿದೆರಡಕ್ಕೆ ಬೇಡ.

ಇನ್ನು ಪಾಠ ಮಾಡುವ ರೀತಿ. ಎರಡು ನಿಮಿಷದ ತುಣುಕು ಸಾಕು, ಪೂರ್ತಿ ಸಿನಿಮಾ ಹಾಕಿದರೆ ಎಲ್ಲರೂ ಕಥೆಯಲ್ಲಿ ಕಳೆದುಹೋಗುತ್ತಾರೆ. ಮೊದಲ ಸಲ ಧ್ವನಿ ಇಲ್ಲದೆ ತೋರಿಸಿ. ಯಾರಿಗೆ ಏನು ಬೇಕು, ಯಾರು ಯಾರನ್ನು ತಡೆಯುತ್ತಿದ್ದಾರೆ ಅಂತ ಅವರೇ ಊಹಿಸಲಿ. ಎರಡನೆಯ ಸಲ ಧ್ವನಿ ಕೊಟ್ಟು, ಕ್ರಿಯಾಪದ ಬಾಯಿಂದ ಬಿದ್ದ ತಕ್ಷಣ ನಿಲ್ಲಿಸಿ. 'ಯು ಪ್ರಾಮಿಸ್ಡ್...' ಅಷ್ಟಕ್ಕೇ ನಿಲ್ಲಿಸಿ ಮುಂದೇನು ಅಂತ ಕೇಳಿ. ಆ ಎರಡು ಸೆಕೆಂಡಿನ ಮೌನದಲ್ಲಿ ಆಗುವಷ್ಟು ಕಲಿಕೆ ಹತ್ತು ಅಭ್ಯಾಸದ ಹಾಳೆಯಲ್ಲಿ ಆಗುವುದನ್ನು ನಾನು ನೋಡಿಲ್ಲ.

ಸಬ್‌ಟೈಟಲ್ ಬಗ್ಗೆ ಒಂದು ಎಚ್ಚರಿಕೆ. ಮಾತಿನಲ್ಲಿ 'ವಾಂಟ್ ಟು' ಅನ್ನುವುದು 'ವಾನಾ' ಆಗಿ, 'ಟು' ಕಿವಿಗೇ ಸಿಗದೆ ಹೋಗುತ್ತದೆ. ಆಗ ಬರಹದ ಆಸರೆ ಬೇಕೇ ಬೇಕು. ಆದರೆ ಓದಲು ಸಮಯ ಸಾಲದೆಂದು ಸಬ್‌ಟೈಟಲಿನಲ್ಲಿ ಮಾತನ್ನು ಮೊಟಕು ಮಾಡುವುದೂ ಉಂಟು. ಒಮ್ಮೆ ನಾನು ಧ್ವನಿ ಕೇಳದೆ, ಸಬ್‌ಟೈಟಲ್ ನೋಡಿಯೇ ಅಭ್ಯಾಸ ಬರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ 'ಷಿ ಟುಕ್ ಇಟ್' ಅಂತಿತ್ತು. ನಟ ಹೇಳಿದ್ದು 'ಷಿ ಅಡ್ಮಿಟೆಡ್ ಟೇಕಿಂಗ್ ಇಟ್'. ನಾನು ಕಲಿಸಬೇಕೆಂದಿದ್ದ ಪ್ಯಾಟರ್ನೇ ಅಲ್ಲಿ ಮಾಯವಾಗಿತ್ತು. ಅದನ್ನು ಹಿಡಿದು ತೋರಿಸಿದ್ದು ಹಿಂದಿನ ಸಾಲಿನ ಒಬ್ಬ ಹುಡುಗಿ. ಅವಳ ಕಿವಿ ನನ್ನ ಕಣ್ಣಿಗಿಂತ ಚುರುಕಾಗಿತ್ತು. ಅಂದಿನಿಂದ ಕಿವಿಯಲ್ಲಿ ಕೇಳಿ ಬರೆದುಕೊಳ್ಳದೆ ತರಗತಿಗೆ ಹೋಗಿಲ್ಲ.

ಕೊನೆಯ ಸುತ್ತಿನಲ್ಲಿ ಪರದೆ ಆರಿಸಿ, ಕಥೆಯನ್ನು ಅವರಿಂದಲೇ ಹೇಳಿಸುತ್ತೇನೆ. ಎಷ್ಟು ತಿದ್ದಿದರೂ 'ಹಿ ಮೇಡ್ ಹರ್ ಟು ಕ್ರೈ' ಅನ್ನುತ್ತಿದ್ದ ಒಬ್ಬರಿದ್ದರು. ಅಂದು ದೃಶ್ಯದ ಅಪ್ಪನ ಹಾಗೆಯೇ ಕೈ ಎತ್ತಿ, 'ಹಿ ಮೇಡ್ ಹರ್...' ಅಂತ ತಾವೇ ತಡೆದು ನಿಂತರು. ಯಾರೂ ಏನೂ ಹೇಳಿಕೊಡಲಿಲ್ಲ. 'ಕ್ರೈ' ಅಂದರು. 'ಹಿ ಮೇಡ್ ಹರ್ ಕ್ರೈ.' ಆಮೇಲೆ ಕಥೆ ಮುಂದುವರಿಸಿದರು.

ನಮಸ್ಕಾರ.