ಆರೂವರೆ ಸಾವಿರ ಡಾಲರಿನ ಅನ್ಯಗ್ರಹಜೀವಿ

ಸ್ನೇಹಿತರೇ,

1989ರಲ್ಲಿ ಅಮೆರಿಕದ ಡೀನ್ ಅಲಿಯೋಟೊ ಸುಮಾರು 6,500 ಡಾಲರ್ ಖರ್ಚಿನಲ್ಲಿ ಒಂದು ವಿಡಿಯೊ ಚಿತ್ರ ಮಾಡಿದರು. ಮನೆಯಲ್ಲಿ ಮಗುವಿನ ಹುಟ್ಟುಹಬ್ಬ, ಮನೆಯವನೊಬ್ಬನ ಕೈಯಲ್ಲಿ ಕ್ಯಾಮ್‌ಕಾರ್ಡರ್, ಹೊರಗೆ ಕತ್ತಲಲ್ಲಿ ಅನ್ಯಗ್ರಹದವರು. ಕಥೆ ಇಷ್ಟೇ. ವಿತರಕರ ಉಗ್ರಾಣಕ್ಕೆ ಬೆಂಕಿ ಬಿದ್ದು ಮೂಲ ಪ್ರತಿ ಸುಟ್ಟುಹೋಯಿತು. ಉಳಿದದ್ದು ಕೈಯಿಂದ ಕೈಗೆ ನಕಲಾಗುತ್ತ ಹೋದ ವಿಎಚ್‌ಎಸ್ (ಮನೆಯ ವಿಡಿಯೊ ಕ್ಯಾಸೆಟ್) ಟೇಪುಗಳು, ಅದೂ ನಟರ ಹೆಸರಿನ ಪಟ್ಟಿಯಿಲ್ಲದವು. ಹಾರುವ ತಟ್ಟೆಗಳ ಆಸಕ್ತರ ನಡುವೆ ಅದು ನಿಜವಾದ ಅಪಹರಣದ ದಾಖಲೆ ಎಂದೇ ವರ್ಷಗಟ್ಟಲೆ ಓಡಾಡಿತು.

ನಿಜದ ದಾಖಲೆಯಂತೆ ಕಾಣಿಸುವ ಇಂಥ ಕಥಾಚಿತ್ರಕ್ಕೆ, ಅಂದರೆ ಅಣಕು ಸಾಕ್ಷ್ಯಚಿತ್ರಕ್ಕೆ, ನೋಡುಗರ ಪ್ರತಿಕ್ರಿಯೆ ಅಂದಾಗ ನಾವು ಸಾಮಾನ್ಯವಾಗಿ ನೋಡುಗರ ಬುದ್ಧಿಯ ಬಗ್ಗೆ ಮಾತಾಡುತ್ತೇವೆ: ಯಾರು ಮೋಸಹೋದರು, ಯಾರು ಹೋಗಲಿಲ್ಲ ಅಂತ. ಅದು ಅಷ್ಟು ಫಲ ಕೊಡುವ ದಾರಿಯಲ್ಲ. ಅವರ ಕೈಗೆ ಯಾವ ಪ್ರತಿ ಸಿಕ್ಕಿತು, ಎಲ್ಲಿಂದ ನೋಡಲು ಶುರುಮಾಡಿದರು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಮೊದಲು ಕೇಳಬೇಕು. ಅಲಿಯೋಟೊ ಅವರ ಟೇಪಿನಲ್ಲಿ ಎರಡು ಸಂಗತಿ ಕೂಡಿಬಂದವು. ಇದು ಕಥಾಚಿತ್ರ ಎಂದು ಹೇಳುವ ಭಾಗ ಕಳೆದುಹೋಯಿತು. ಜೊತೆಗೆ, ವಿಎಚ್‌ಎಸ್‌ನಲ್ಲಿ ನಕಲಿನ ನಕಲು ಮಾಡಿದಂತೆಲ್ಲ ಬಣ್ಣ ಹರಡುತ್ತದೆ, ಅಂಚು ಮಬ್ಬಾಗುತ್ತದೆ. ಮುಖವಾಡದ ಅಂಚು, ವೇಷದ ಸುಕ್ಕು, ಅಗ್ಗದ ಚಿತ್ರವನ್ನು ಹಿಡಿದುಕೊಡುವ ಎಲ್ಲವೂ ಮೊದಲು ಅಳಿಸಿಹೋಗುವುದು ಅಲ್ಲೇ. ಅದೇ ಕಥೆಯನ್ನು 1998ರಲ್ಲಿ ಅವರೇ ಅಮೆರಿಕದ ಯುಪಿಎನ್ ವಾಹಿನಿಗೆ ಮತ್ತೆ ಮಾಡಿದರು. ಹಣ ಹೆಚ್ಚಿತ್ತು, ನಡುನಡುವೆ ಪರಿಣತರ ಸಂದರ್ಶನಗಳೂ ಬಂದವು. ನನ್ನ ಮಟ್ಟಿಗೆ ಮೊದಲನೆಯದೇ ಗಟ್ಟಿ. ಎಲ್ಲರೂ ಒಟ್ಟಿಗೆ ಮಾತಾಡುವ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ ಆ ಊಟದ ಮೇಜನ್ನು ಯಾವ ಪರಿಣತರೂ ಸರಿಗಟ್ಟಲಾರರು.

ಇನ್ನು ಬ್ರಿಟನ್ನಿಗೆ ಬನ್ನಿ. ಆಂಗ್ಲಿಯಾ ಟೆಲಿವಿಷನ್ ತಯಾರಿಸಿದ 'ಆಲ್ಟರ್ನೇಟಿವ್ 3' ಪ್ರಸಾರವಾದದ್ದು 1977ರ ಜೂನ್ 20ರಂದು. ವಿಜ್ಞಾನಿಗಳು ಕಾಣೆಯಾಗುತ್ತಿದ್ದಾರೆ, ಅವರನ್ನು ಗುಟ್ಟಾಗಿ ಮಂಗಳ ಗ್ರಹಕ್ಕೆ ಸಾಗಿಸಲಾಗುತ್ತಿದೆ ಎಂಬುದು ಅದರ ಸಂಚಿನ ಕಥೆ. ಅದನ್ನು ಏಪ್ರಿಲ್ 1ಕ್ಕೆಂದೇ ಮಾಡಿದ್ದರು. ಕಾರ್ಮಿಕ ವಿವಾದದಿಂದ ತಡವಾಯಿತು. ಕೊನೆಯಲ್ಲಿ ನಟರ ಹೆಸರುಗಳಿದ್ದವು, ಏಪ್ರಿಲ್ 1ರ ದಿನಾಂಕವೂ ಇತ್ತು. ಆದರೂ ವಾಹಿನಿಗೆ ಕರೆಗಳ ಸುರಿಮಳೆಯಾಯಿತು. ನಿರೂಪಕ ಟಿಮ್ ಬ್ರಿಂಟನ್ ಮೊದಲು ನಿಜವಾಗಿಯೂ ಸುದ್ದಿ ಓದುತ್ತಿದ್ದವರು. ಪರಿಚಿತ ಮುಖ ಪರಿಚಿತ ದನಿಯಲ್ಲಿ ಹೇಳಿದ್ದನ್ನು, ಕೊನೆಗೆ ಸರಸರ ಓಡುವ ಹೆಸರಿನ ಪಟ್ಟಿ ಅಲುಗಿಸಲಾರದು. ಹೆಸರಿನ ಪಟ್ಟಿ ಬರುವ ಹೊತ್ತಿಗೆ ನೋಡುಗ ಎದ್ದು ಹೋಗಿರುತ್ತಾನೆ, ಇಲ್ಲವೇ ಪಕ್ಕದವರ ಜೊತೆ ವಾದಕ್ಕಿಳಿದಿರುತ್ತಾನೆ. ತಮಾಷೆ ಎಂದು ತಿಳಿದ ಮೇಲೂ ಕೆಲವರು ಬಿಡಲಿಲ್ಲ: ನಿಜ ಹೊರಬರದಿರಲಿ ಅಂತಲೇ ಅದನ್ನು ಕಥೆಯ ರೂಪದಲ್ಲಿ ತೋರಿಸಿದ್ದಾರೆ ಎಂದರು. ಸಂಚಿನ ಕಥೆಯ ಗುಣವೇ ಅದು, ನಿರಾಕರಣೆಯನ್ನೂ ಸಾಕ್ಷ್ಯವಾಗಿ ನುಂಗಿಕೊಳ್ಳುತ್ತದೆ. ಬೇರೆ ವಿಷಯದ ಅಣಕು ಸಾಕ್ಷ್ಯಚಿತ್ರಕ್ಕೆ ಈ ತೊಂದರೆ ಅಷ್ಟಿಲ್ಲ.

ಕರೆಗಳ ಸುರಿಮಳೆ ಎಂದೆ. ಅಲ್ಲಿ ಸ್ವಲ್ಪ ಎಚ್ಚರ ಬೇಕು. ಕರೆ ಮಾಡಿದವರಲ್ಲಿ ಹೆದರಿದವರು, ಬೈಯುವವರು, ಮೆಚ್ಚುವವರು, 'ಇದು ನಿಜವಾ?' ಅಂತ ಕೇಳುವವರು ಎಲ್ಲರೂ ಸೇರಿರುತ್ತಾರೆ. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಅವರ ಮಂಗಳವಾಸಿಗಳ ದಾಳಿಯ ರೇಡಿಯೊ ನಾಟಕ ಬಂದಾಗ ದೇಶವೇ ಬೀದಿಗೆ ಬಿತ್ತು ಎಂದು ಪತ್ರಿಕೆಗಳು ಬರೆದವು. ಅದೇ ರಾತ್ರಿ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ರೇಡಿಯೊ ಕೇಳುಗರನ್ನು ಲೆಕ್ಕಹಾಕಿದ ಹೂಪರ್ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದೇವೆ ಎಂದವರು ಶೇಕಡಾ 2 ಮಾತ್ರ. ಕೇಳದವರು ಹೆದರುವುದು ಹೇಗೆ? ಹೆದರಿದವರು ಇದ್ದರು, ನಿಜ. ಅವರಲ್ಲಿ ಹಲವರು ಬೇರೆ ರೇಡಿಯೊ ಕೇಂದ್ರದಿಂದ ನಡುವೆ ಬಂದವರು, ಶುರುವಿನಲ್ಲಿ ಹೇಳಿದ ಪರಿಚಯದ ಮಾತು ಕಿವಿಗೆ ಬೀಳದವರು.

ಈಗ ನೀವೇ ಇಂಥ ಚಿತ್ರ ಮಾಡಿ ನೋಡುಗರನ್ನು ಅಳೆಯಬೇಕು ಅಂದುಕೊಳ್ಳಿ. ಚಿತ್ರ ಮುಗಿದ ಮೇಲೆ 'ನೀವು ನಂಬಿದಿರಾ?' ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುವುದಿಲ್ಲ. ಗುಟ್ಟು ಬಯಲಾದ ಮೇಲೆ ಎಲ್ಲರಿಗೂ ಮೊದಲೇ ಗೊತ್ತಿತ್ತು! ಕೈ ಎತ್ತಿಸುವುದೂ ಬೇಡ; ಮೊದಲ ಮೂವರು ಎತ್ತಿದ್ದನ್ನು ನೋಡಿ ಉಳಿದವರು ಎತ್ತುತ್ತಾರೆ. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಚಿತ್ರವನ್ನು ನಾಲ್ಕೈದು ಕಡೆ ನಿಲ್ಲಿಸಿ 'ನಿಜ', 'ನಟನೆ', 'ಗೊತ್ತಿಲ್ಲ' ಈ ಮೂರರಲ್ಲಿ ಒಂದನ್ನು ಬರೆಸಿ, ಅನುಮಾನ ಬಂದಿದ್ದರೆ ಯಾವ ದೃಶ್ಯದಲ್ಲಿ ಎಂದೂ ಬರೆಸಿ. ನಡುವೆ ಮಾತಿಗೆ ಅವಕಾಶ ಬೇಡ. ಎರಡನೇ ತಂಡಕ್ಕೆ ಅದೇ ಚಿತ್ರವನ್ನು ಮೊದಲ ಹತ್ತು ನಿಮಿಷ ತೆಗೆದು ತೋರಿಸಿ, ತಡವಾಗಿ ಬಂದ ನೋಡುಗ ಹೇಗೆ ನೋಡುತ್ತಾನೆ ಎಂದು ಗೊತ್ತಾಗುತ್ತದೆ. ನಿಲ್ಲಿಸಿ ಕೇಳುವುದರಲ್ಲೇ ಒಂದು ದೋಷವಿದೆ: ಕೇಳಿದಾಗಲೇ ಅನುಮಾನ ಹುಟ್ಟುತ್ತದೆ. ಅದಕ್ಕೆ ಒಂದು ತಂಡಕ್ಕೆ ಎಲ್ಲೂ ನಿಲ್ಲಿಸದೆ ತೋರಿಸಿ, ಕೊನೆಯಲ್ಲಿ, ಗುಟ್ಟು ಹೇಳುವ ಮೊದಲು, ಒಂದೇ ಸಲ ಬರೆಸಿಕೊಳ್ಳಿ.

ಅನುಮಾನ ಹುಟ್ಟಿಸುವ ಜಾಗಗಳು ಹೆಚ್ಚಾಗಿ ಅನ್ಯಗ್ರಹಜೀವಿಯ ದೃಶ್ಯಗಳಲ್ಲ. ಎರಡನೇ ಕೋನ ಮೊದಲ ಅಪರಾಧಿ. ಮನೆಯಲ್ಲಿ ಒಂದೇ ಕ್ಯಾಮೆರಾ ಇದೆ ಎಂದ ಮೇಲೆ, ಮಾತಾಡುವವನ ಮುಖವೂ ಕೇಳುವವನ ಮುಖವೂ ಬೆನ್ನುಬೆನ್ನಿಗೆ ಬಂದರೆ ನೋಡುಗನಿಗೆ ಕಾರಣ ಹೇಳಲು ಬರದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ. ಆಮೇಲೆ ಧ್ವನಿ: ಮೂವತ್ತು ಅಡಿ ದೂರದಲ್ಲಿ ಓಡುವವನ ಉಸಿರು ಕಿವಿಯಲ್ಲೇ ಕೇಳಿದರೆ ಕಾಲರಿನೊಳಗಿನ ಮೈಕ್ ಕಂಡಹಾಗೆಯೇ. ಹಳೆಯ ಟೇಪಿನ ವೇಷ ಹಾಕುವವರು ಇನ್ನೂ ಒಂದು ಕಡೆ ಎಡವುತ್ತಾರೆ. ಅಮೆರಿಕದ ಹಳೆಯ ಮನೆ ಕ್ಯಾಮ್‌ಕಾರ್ಡರಿನ ಚಿತ್ರ 4:3 ಅಳತೆಯದು, ಸೆಕೆಂಡಿಗೆ ಸುಮಾರು 60 ಅರ್ಧ ಚಿತ್ರಗಳಾಗಿ ದಾಖಲಾಗುತ್ತಿತ್ತು. ಹಾಗಾಗಿ ಚಲನೆ ನುಣ್ಣಗೆ ಕಾಣುತ್ತದೆ. 24 ಫ್ರೇಮಿನಲ್ಲಿ ಅಗಲವಾಗಿ ಚಿತ್ರೀಕರಿಸಿ ಮೇಲೆ ಗೀರು ಹಾಕಿದರೆ ಸಿನಿಮಾದ ನಡಿಗೆ ಹಾಗೇ ಉಳಿಯುತ್ತದೆ. ಟೇಪು ಓದುವ ಹೆಡ್ ಬದಲಾಗುವಲ್ಲಿ ಮೂಡುವ ಗದ್ದಲದ ಪಟ್ಟಿ ಚಿತ್ರದ ತೀರಾ ಕೆಳಗಿನ ಅಂಚಿನಲ್ಲಿ ಇರಬೇಕು, ಸಿದ್ಧ ಫಿಲ್ಟರುಗಳು ಅದನ್ನು ಎಲ್ಲೆಂದರಲ್ಲಿ ಎಳೆಯುತ್ತವೆ. ಅದೇ ಗೀರು ಅದೇ ಕ್ರಮದಲ್ಲಿ ಮತ್ತೆ ಬಂದರಂತೂ ಮುಗಿಯಿತು. ಇಷ್ಟೆಲ್ಲ ಬೇಕಿಲ್ಲ ಎಂದರೆ ಹಳೆಯ ಕ್ಯಾಮ್‌ಕಾರ್ಡರನ್ನೇ ಹುಡುಕಿ ತನ್ನಿ, ಅಗ್ಗವೂ ಹೌದು. ನಕಲಿ ಸರ್ಕಾರಿ ಕಾಗದಗಳಲ್ಲಿ ಕಾಲಕ್ಕೆ ಹೊಂದದ ಕಂಪ್ಯೂಟರ್ ಅಕ್ಷರಶೈಲಿ ಸಿಕ್ಕಿಬೀಳುತ್ತದೆ.

ಅನ್ಯಗ್ರಹಜೀವಿಯನ್ನು ಅರ್ಧ ಸೆಕೆಂಡು ತೋರಿಸಿ ಮರೆಮಾಡಿದರೆ ಸಾಕೆಂಬುದು ಹಳೆಯ ಲೆಕ್ಕ. ಸೆಕೆಂಡಿಗೆ 25 ಫ್ರೇಮಿನಲ್ಲಿ ಅದು ಹನ್ನೆರಡು ಫ್ರೇಮ್. ಇಂದಿನ ನೋಡುಗ ಒಂದೊಂದನ್ನೂ ನಿಲ್ಲಿಸಿ ನೋಡುತ್ತಾನೆ. ಅವಧಿಯಿಂದ ಮುಚ್ಚಲಾಗದು, ಬೆಳಕಿನಿಂದ ಮುಚ್ಚಬೇಕು. ಹಿಂದಿನಿಂದ ಬೆಳಕು ಬರಲಿ, ಮೈಯ ಅರ್ಧ ಬಾಗಿಲ ಮರೆಯಲ್ಲಿರಲಿ, ಫೋಕಸ್ ಹತ್ತಿರದ ಯಾವುದೋ ವಸ್ತುವಿನ ಮೇಲಿರಲಿ.

'ಜೀವ ಹೋಗುವಾಗಲೂ ಕ್ಯಾಮೆರಾ ಯಾಕೆ ಕೆಳಗಿಡಲಿಲ್ಲ?' ಎಂಬ ದೂರು ಖಂಡಿತ ಬರುತ್ತದೆ. ಕ್ಯಾಮೆರಾದ ದೀಪವೊಂದೇ ಮನೆಯಲ್ಲಿರುವ ಬೆಳಕು ಎಂದಾದರೆ ಪ್ರಶ್ನೆ ಏಳುವುದೇ ಇಲ್ಲ. ಅಲುಗಾಟದಿಂದ ತಲೆಸುತ್ತು ಬಂತು ಎಂಬುದು ನಿಜವಾದ ದೂರು, ರುಚಿಯ ಮಾತಲ್ಲ. ದೊಡ್ಡ ಪರದೆಯಲ್ಲಿ ಹೆಚ್ಚು. ಎಡಿಟ್ ಮಾಡುವ ಸಣ್ಣ ಪರದೆಯಲ್ಲಿ ಅದು ಗೊತ್ತಾಗುವುದಿಲ್ಲ, ಆದ್ದರಿಂದ ದೊಡ್ಡದರಲ್ಲೊಮ್ಮೆ ಪೂರ್ತಿ ನೋಡಿ.

ಸಿಟ್ಟಾದವರ ಚೀಟಿಗಳನ್ನು ಬೇರೆ ಇಡಿ. ಕಳಪೆ ಚಿತ್ರ ಎಂದು ಸಿಟ್ಟಾದವರೂ ತಮ್ಮನ್ನು ಮೂರ್ಖರನ್ನಾಗಿಸಿದರು ಎಂದು ಸಿಟ್ಟಾದವರೂ ಒಂದೇ ಮಾತು ಬರೆಯುತ್ತಾರೆ: 'ಸಮಯ ಹಾಳು'. ಅನುಮಾನ ಬಂದ ದೃಶ್ಯ ಯಾವುದೆಂದು ನೋಡಿದರೆ ಇಬ್ಬರೂ ಬೇರೆಯಾಗುತ್ತಾರೆ. ಶುರುವಿನಲ್ಲೇ ಅನುಮಾನಿಸಿದವನು ಚಿತ್ರವನ್ನು ಬೈಯುತ್ತಿದ್ದಾನೆ. ಕೊನೆಯವರೆಗೂ 'ನಿಜ' ಎಂದು ಬರೆದವನು ನಿಮ್ಮನ್ನು ಬೈಯುತ್ತಿದ್ದಾನೆ.

ಹಾಗಾದರೆ ಕಥಾಚಿತ್ರ ಎಂದು ಎಲ್ಲಿ ಹೇಳಬೇಕು? ಶುರುವಿನಲ್ಲಿ ಹೇಳಿದರೆ ಆಟ ಕೆಡುತ್ತದೆ ಎಂದು ಮಾಡುವವರು ಗೊಣಗುತ್ತಾರೆ. ಕೊನೆಯಲ್ಲಿ ಮಾತ್ರ ಹೇಳಿದರೆ ಏನಾಗುತ್ತದೆ ಎಂದು ಮೇಲೆ ನೋಡಿದೆವು. ಈಗ ಚಿತ್ರ ನಲವತ್ತು ಸೆಕೆಂಡಿನ ತುಣುಕಾಗಿ ಫೋನಿನಿಂದ ಫೋನಿಗೆ ಹೋಗುತ್ತದೆ, ಶುರುವೂ ಇಲ್ಲ, ಕೊನೆಯೂ ಇಲ್ಲ. ಹೆಚ್ಚು ಕತ್ತರಿಸಿಕೊಳ್ಳುವಂಥ ದೃಶ್ಯಗಳ ಮೂಲೆಯಲ್ಲಿ, ಚಿತ್ರದೊಳಗೇ, ಚಿತ್ರದ ಹೆಸರು ಮತ್ತು 'ಕಾಲ್ಪನಿಕ' ಎಂಬ ಪದ ಅಚ್ಚಾಗಿರಲಿ. ಅದನ್ನೂ ಕತ್ತರಿಸುವವರಿದ್ದಾರೆ, ಆದ್ದರಿಂದ ತೀರಾ ಅಂಚಿಗೆ ಇಡಬೇಡಿ, ನಿಂತ ಫೋನಿನ ಅಳತೆಗೆ ಕತ್ತರಿಸಿದರೂ ಉಳಿಯುವಷ್ಟು ಒಳಗೆ ಇರಲಿ. ಚಿತ್ರದ ಸುಳ್ಳು ತಲೆಯಲ್ಲಿ ನಿಜವಾಗಿ ಉಳಿಯಿತೇ ಎಂದು ತಿಳಿಯಲು, ನೋಡಿದವರಿಗೆ ಒಂದು ವಾರ ಬಿಟ್ಟು ಇನ್ನೊಂದು ಚೀಟಿ ಕಳಿಸಿ, ಈ ಸಲ ಚಿತ್ರದ ಹೆಸರೆತ್ತದೆ, ಅದರೊಳಗಿನ ನಾಲ್ಕು ಸುಳ್ಳು ಹೇಳಿಕೆಗಳನ್ನು ನಾಲ್ಕು ನಿಜ ಹೇಳಿಕೆಗಳ ಜೊತೆ ಬೆರೆಸಿ, ಯಾವುದು ಸರಿ ಎಂದು ಕೇಳಿ.